ವಾಹನದ ಕ್ಯಾಮೆರಾ: ಖರೀದಿಗಿಂತ ಅಳವಡಿಕೆ ಮುಖ್ಯ

ಹಾರಂಗಿ ಜಲಾಶಯದ ಸುತ್ತಲಿನ ಪ್ರದೇಶದಲ್ಲಿ ವ್ಯಾಪಾರವು ಬಹುಮಟ್ಟಿಗೆ ರಸ್ತೆಯನ್ನೇ ನಂಬಿದೆ. ಕುಶಾಲನಗರದಿಂದ ಗುಡ್ಡೆಹೊಸೂರು, ಕೂಡಿಗೆಗಳ ಕಡೆಗೆ ಸಾಗುವ ರಸ್ತೆಗಳಲ್ಲಿ ಕಾಫಿ, ಕಾಳುಮೆಣಸು, ಭತ್ತ, ಶುಂಠಿ, ಗೊಬ್ಬರ, ಸಿಮೆಂಟು ಹೊತ್ತ ವಾಹನಗಳು, ಅಣೆಕಟ್ಟೆಯನ್ನು ನೋಡಬರುವ ಪ್ರವಾಸಿಗರ ಕಾರುಗಳೊಡನೆ ದಾರಿ ಹಂಚಿಕೊಳ್ಳುತ್ತವೆ. ಸುಗ್ಗಿಯ ತಿಂಗಳುಗಳಲ್ಲಿ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಸಂಸ್ಕರಣಾ ಘಟಕಗಳತ್ತ ಸರಕು ಸಾಗಣೆ ಹೆಚ್ಚುತ್ತದೆ. 275ನೆಯ ರಾಷ್ಟ್ರೀಯ ಹೆದ್ದಾರಿಯು ಒಂದು ಕಡೆ ಮೈಸೂರಿಗೂ, ಇನ್ನೊಂದು ಕಡೆ ಆನೆಕಾಡು ಅರಣ್ಯವನ್ನು ಹಾದು ಮಡಿಕೇರಿ ಮತ್ತು ಸಂಪಾಜೆ ಘಾಟಿಗೂ ಕರೆದೊಯ್ಯುತ್ತದೆ. ಮಂಜು, ಜಡಿಮಳೆ, ಕಿರಿದಾದ ತಿರುವು, ಹಠಾತ್ತನೆ ರಸ್ತೆಗಿಳಿಯುವ ಕಾಡಾನೆ ಇವೆಲ್ಲವೂ ಇಲ್ಲಿನ ಚಾಲಕರ ನಿತ್ಯದ ಅನುಭವ. ಇಂತಹ ಹಾದಿಯಲ್ಲಿ ಅವಘಡ ಸಂಭವಿಸಿದಾಗ ಕಂಡದ್ದನ್ನು ಕಂಡಂತೆ ಹೇಳುವ ಸಾಕ್ಷಿ ದೊರೆಯುವುದು ಅಪರೂಪ. ದೊರೆತವರ ಮಾತೂ ಒಂದೇ ತೆರನಾಗಿರುವುದಿಲ್ಲ.

ಈ ಕಾರಣದಿಂದಲೇ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ತಮ್ಮ ಕಾರು ಮತ್ತು ಪಿಕ್‌ಅಪ್ ವಾಹನಗಳಿಗೆ ಡ್ಯಾಶ್‌ಕ್ಯಾಮ್ ಹಾಕಿಸತೊಡಗಿದ್ದಾರೆ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಖರೀದಿಯ ಕ್ರಮದಲ್ಲಿ ಒಂದು ದೋಷ ಎದ್ದು ಕಾಣುತ್ತದೆ. ಮುಂಭಾಗದ ಕ್ಯಾಮೆರಾ ಎಷ್ಟು ಸ್ಪಷ್ಟ ಚಿತ್ರ ನೀಡುತ್ತದೆ ಎಂಬುದನ್ನಷ್ಟೇ ವಿಚಾರಿಸಿ ಹಣ ತೆರಲಾಗುತ್ತಿದೆ. ಹಿಂಬದಿ ಮತ್ತು ಪಕ್ಕಗಳ ನೋಟ, ತಂತಿಯ ಜೋಡಣೆ, ದೃಶ್ಯವನ್ನು ಕಾಪಾಡುವ ವಿಧಾನ ಇವುಗಳಿಗೆ ಗಮನವೂ ಇಲ್ಲ, ಹಣವೂ ಮೀಸಲಿಲ್ಲ. ಬೇಕಾದ ಗಳಿಗೆಯಲ್ಲಿ ದೃಶ್ಯವನ್ನು ಒದಗಿಸಲಾರದ ಕ್ಯಾಮೆರಾ, ಅದೆಷ್ಟೇ ಬೆಲೆಬಾಳಲಿ, ಗಾಜಿಗಂಟಿದ ಅಲಂಕಾರವಷ್ಟೇ.

ಪಣದಲ್ಲಿರುವುದೇನು?

ನೂರಾರು ಲಾರಿಗಳ ಸಾಗಣೆ ಸಂಸ್ಥೆಗೆ ಒಂದು ವಾಹನದ ಮೊಕದ್ದಮೆ ಸಣ್ಣ ಸಂಗತಿ. ಒಂದೇ ಪಿಕ್‌ಅಪ್ ಇರುವ ವರ್ತಕನಿಗೆ ಹಾಗಲ್ಲ. ವಾಹನ ಠಾಣೆಯಲ್ಲಿ ನಿಂತರೆ ಸರಬರಾಜು ನಿಲ್ಲುತ್ತದೆ. ವಿಮೆಯ ಪರಿಹಾರ ತಡವಾದರೆ ಸಾಲದ ಕಂತು ತಪ್ಪುತ್ತದೆ. ಚಾಲಕನ ಪಾಡು ಇನ್ನೂ ಕಠಿಣ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಮೊದಲ ಉಪಕಲಮು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷಗಳವರೆಗಿನ ಶಿಕ್ಷೆಯನ್ನು ವಿಧಿಸುತ್ತದೆ. ಅದೇ ಕಲಮಿನ ಎರಡನೆಯ ಉಪಕಲಮು ಅಪಘಾತದ ನಂತರ ಪರಾರಿಯಾಗುವವರಿಗೆ ಹತ್ತು ವರ್ಷಗಳವರೆಗಿನ ಶಿಕ್ಷೆಯನ್ನು ಸೂಚಿಸಿದ್ದರಿಂದ 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದರು. ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. ಅಪಘಾತದ ಸ್ಥಳದಲ್ಲಿ ನಿಂತರೆ ಜನರ ಕೋಪ, ಹೊರಟುಹೋದರೆ ಕಾನೂನಿನ ಕೋಪ ಎಂಬ ಇಕ್ಕಟ್ಟಿನಲ್ಲಿ ಸಿಲುಕುವ ಚಾಲಕನಿಗೆ, ನಡೆದದ್ದನ್ನು ನಡೆದಂತೆ ತೋರಿಸುವ ದೃಶ್ಯವು ದೊಡ್ಡ ಆಸರೆಯಾಗಬಲ್ಲದು.

2023ರ ಜನವರಿಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ನಸುಕಿನ ವೇಳೆ ದಂಪತಿಯ ಕಾರಿಗೆ ದ್ವಿಚಕ್ರ ವಾಹನದವರು ಬೇಕೆಂದೇ ಢಿಕ್ಕಿ ಹೊಡೆದು ಬೆನ್ನಟ್ಟಿದ ಪ್ರಕರಣ ಅನೇಕರ ನೆನಪಿನಲ್ಲಿರಬಹುದು. ಕಾರಿನ ಡ್ಯಾಶ್‌ಕ್ಯಾಮ್ ದೃಶ್ಯ ಬಹಿರಂಗವಾದ ಬಳಿಕ ಪೊಲೀಸರು ಇಬ್ಬರನ್ನು ಬಂಧಿಸಿದರು. ಆ ದೃಶ್ಯವಿಲ್ಲದಿದ್ದರೆ ಯಾರು ಯಾರಿಗೆ ಢಿಕ್ಕಿ ಹೊಡೆದರೆಂಬುದು ಬರಿಯ ವಾದವಾಗಿಯೇ ಉಳಿಯುತ್ತಿತ್ತು.

ಎಷ್ಟು ಕ್ಯಾಮೆರಾ, ಎಲ್ಲೆಲ್ಲಿ?

ಸರ್ಜಾಪುರದ ಘಟನೆ ಕಾರಿನ ಮುಂದೆ ನಡೆಯಿತು. ವರ್ತಕರ ದಿನನಿತ್ಯದ ತಕರಾರುಗಳೆಲ್ಲ ಹಾಗೆ ಮುಂದೆಯೇ ನಡೆಯುವುದಿಲ್ಲ. ಮಳೆಯಲ್ಲಿ ಬ್ರೇಕ್ ಹಾಕಿದಾಗ ಹಿಂದಿನಿಂದ ಬಂದು ಗುದ್ದುವ ವಾಹನ, ಗೋದಾಮಿನ ಅಂಗಳದಲ್ಲಿ ಹಿಮ್ಮುಖವಾಗಿ ಚಲಿಸುವಾಗ ಮುರಿಯುವ ಕಾಂಪೌಂಡ್ ಗೋಡೆ, ಎಡಬದಿಯಿಂದ ನುಸುಳುವ ಸ್ಕೂಟರ್, ಇಳಿಸುವಾಗ ಕಡಮೆ ಬೀಳುವ ಮೂಟೆ ಇವೆಲ್ಲವೂ ಮುಂಗಾಜಿನ ಕ್ಯಾಮೆರಾದ ನೋಟಕ್ಕೆ ಹೊರಗಿನವು. ಆದುದರಿಂದ ಖರೀದಿಗೆ ಮುನ್ನ, ಕಳೆದ ಎರಡು ಮೂರು ವರ್ಷಗಳಲ್ಲಿ ತಮ್ಮ ವಾಹನಕ್ಕೆ ಯಾವ ಬದಿಯಲ್ಲಿ ನಷ್ಟವಾಯಿತು, ಯಾವ ತಕರಾರು ಬಗೆಹರಿಯದೆ ಉಳಿಯಿತು ಎಂಬುದನ್ನು ಬರೆದುಕೊಳ್ಳುವುದು ಲೇಸು. ಕ್ಯಾಮೆರಾಗಳ ಸಂಖ್ಯೆಯನ್ನು ಆ ಪಟ್ಟಿಯೇ ನಿರ್ಧರಿಸಬೇಕು.

ಸ್ವಂತ ಬಳಕೆಯ ಕಾರಿಗೆ ಮುಂದೊಂದು, ಹಿಂದೊಂದು ಸಾಕು. ಸರಕಿನ ಪಿಕ್‌ಅಪ್‌ಗೆ ಇವೆರಡರ ಜೊತೆಗೆ ಕ್ಲೀನರ್ ಬದಿಯನ್ನು ತೋರಿಸುವ ಮೂರನೆಯದು ಬೇಕು. ಘಾಟಿಯ ತಿರುವಿನಲ್ಲಿ ಚಾಲಕನಿಗೆ ಕಾಣದ ಭಾಗ ಅದೇ. ಬಾಡಿಗೆ ಕಾರು ಮತ್ತು ಸಿಬ್ಬಂದಿಯನ್ನು ಕರೆತರುವ ವ್ಯಾನ್‌ಗಳಲ್ಲಿ ಮೂರನೆಯದನ್ನು ಒಳಭಾಗಕ್ಕೆ ಇಡಬಹುದು. ಲಾರಿಗಳಿಗೆ ಕಾರಿನ ಡ್ಯಾಶ್‌ಕ್ಯಾಮ್ ಹೊಂದುವುದಿಲ್ಲ. ಅವುಗಳ ವಿದ್ಯುತ್ ಸಾಮಾನ್ಯವಾಗಿ 24 ವೋಲ್ಟಿನದು; ನಾಲ್ಕು ಕ್ಯಾಮೆರಾಗಳ ದೃಶ್ಯವನ್ನು ಬೀಗವಿರುವ ಪೆಟ್ಟಿಗೆಯಲ್ಲಿ ದಾಖಲಿಸುವ ಮೊಬೈಲ್ ಡಿವಿಆರ್ ಅಲ್ಲಿಗೆ ತಕ್ಕದ್ದು.

ಆಯ್ಕೆಯ ಲೆಕ್ಕ

ಚಿತ್ರದ ಸ್ಪಷ್ಟತೆ ಹೆಚ್ಚಿದಂತೆ ಮೆಮೊರಿ ಕಾರ್ಡು ಬೇಗ ತುಂಬುತ್ತದೆ. ಮುಂದಿನ ಕ್ಯಾಮೆರಾ ಸೆಕೆಂಡಿಗೆ 16 ಮೆಗಾಬಿಟ್, ಉಳಿದೆರಡು ತಲಾ 10 ಮೆಗಾಬಿಟ್ ದಾಖಲಿಸುತ್ತವೆ ಎಂದಿಟ್ಟುಕೊಂಡರೆ ಒಟ್ಟು 36 ಮೆಗಾಬಿಟ್, ಅಂದರೆ ಗಂಟೆಗೆ ಸುಮಾರು 16 ಗಿಗಾಬೈಟ್ ಆಗುತ್ತದೆ. 128 ಗಿಗಾಬೈಟ್ ಕಾರ್ಡಿನಲ್ಲಿ ಏಳೆಂಟು ಗಂಟೆಗಳ ದೃಶ್ಯವಷ್ಟೇ ಉಳಿದೀತು. ಬಳಿಕ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಮಂಗಳೂರಿಗೆ ಹೋಗಿ ಮರಳುವ ವಾಹನದಲ್ಲಿ ಬೆಳಗಿನ ದೃಶ್ಯ ರಾತ್ರಿಗೆ ಉಳಿದಿರುವುದಿಲ್ಲ. 256 ಗಿಗಾಬೈಟಿನ, ಸತತ ದಾಖಲೆಗೆಂದೇ ತಯಾರಾದ ಹೆಚ್ಚು ಬಾಳಿಕೆಯ ಕಾರ್ಡನ್ನು ಕೊಳ್ಳುವುದು ಹಿತ. ಮೊಬೈಲ್‌ಗೆಂದು ಮಾರುವ ಸಾಧಾರಣ ಕಾರ್ಡುಗಳು ಸತತ ಬರವಣಿಗೆಯನ್ನು ತಾಳಲಾರದೆ ಸದ್ದಿಲ್ಲದೆ ಕೆಡುತ್ತವೆ.

ಗಮನಿಸತಕ್ಕ ಇನ್ನೆರಡು ಅಂಶಗಳುಂಟು. ಒಂದು, ಸಾಧನದೊಳಗೆ ಲಿಥಿಯಂ ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ ಇರಬೇಕು. ಬಿಸಿಲಿನಲ್ಲಿ ನಿಂತ ವಾಹನದ ಶಾಖವನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಢಿಕ್ಕಿಯಲ್ಲಿ ವಿದ್ಯುತ್ ಕಡಿದುಹೋದರೂ ಕೊನೆಯ ದೃಶ್ಯವನ್ನು ಮುಗಿಸಿ ಉಳಿಸುವಷ್ಟು ಶಕ್ತಿ ಒದಗಿಸುತ್ತದೆ. ಎರಡು, ಜಿಪಿಎಸ್ ಇರಬೇಕು. ಸ್ಥಳ ಮತ್ತು ವೇಗದ ಜೊತೆಗೆ ಸಮಯವೂ ತಾನಾಗಿ ಸರಿಯಾಗಿರುತ್ತದೆ. ದೃಶ್ಯದ ಮೇಲೆ ತಪ್ಪು ದಿನಾಂಕವಿದ್ದರೆ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆಯೇ ಅದಾಗಿರುತ್ತದೆ. ಇನ್ನು ಕ್ಯಾಮೆರಾ ಹಾಕಿಸಿದರೆ ವಿಮಾ ಕಂತಿನಲ್ಲಿ ರಿಯಾಯಿತಿ ದೊರೆಯುವುದೆಂದು ಮಾರಾಟಗಾರರು ಹೇಳಿದರೆ, ಅದನ್ನು ವಿಮಾ ಕಂಪನಿಯಿಂದಲೇ ಲಿಖಿತವಾಗಿ ಪಡೆಯುವುದು ಕ್ಷೇಮ.

ಅಳವಡಿಕೆಯೇ ಅರ್ಧ ಕೆಲಸ

ಮುಂದಿನ ಕ್ಯಾಮೆರಾ ಒಳಗನ್ನಡಿಯ ಹಿಂದೆ, ವೈಪರ್ ಒರೆಸುವ ಭಾಗದ ಒಳಗೇ ಇರತಕ್ಕದ್ದು. ಕೊಡಗಿನ ಮಳೆಯಲ್ಲಿ ವೈಪರ್ ಮುಟ್ಟದ ಮೂಲೆಗಂಟಿಸಿದ ಕ್ಯಾಮೆರಾ ನೀರಹನಿಗಳನ್ನೇ ಚಿತ್ರಿಸುತ್ತದೆ. ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ತೇವವಿಲ್ಲದ ದಿನ ಅಂಟಿಸದಿದ್ದರೆ ಮಳೆಗಾಲದ ಶೈತ್ಯಕ್ಕೆ ಅಂಟು ಬಿಡುತ್ತದೆ. ಕಾರಿನಲ್ಲಿ ಹಿಂದಿನ ಕ್ಯಾಮೆರಾವನ್ನು ಹಿಂಗಾಜಿನ ಬಿಸಿಗೆರೆಗಳ ನಡುವೆ ಕೂರಿಸಬೇಕು. ಪಿಕ್‌ಅಪ್‌ನಲ್ಲಿ ಕ್ಯಾಬಿನ್ನಿನ ಹಿಂಗಾಜನ್ನು ಸರಕು ಮರೆಮಾಡುವುದರಿಂದ, ನೀರು ನುಗ್ಗದ ಕ್ಯಾಮೆರಾವನ್ನು ಬಾಡಿಯ ತುದಿಯಲ್ಲೇ ಅಳವಡಿಸಿ, ತಂತಿಯನ್ನು ಕೊಳವೆಯೊಳಗೆ ತೂರಿಸಿ, ಸೈಲೆನ್ಸರ್ ಮತ್ತು ತಿರುಗುವ ಭಾಗಗಳಿಂದ ದೂರವಿರಿಸಬೇಕು.

ತಂತಿಯ ವಿಷಯದಲ್ಲಿ ಎರಡು ಅಪಾಯಗಳಿವೆ. ಮುಂಗಾಜಿನ ಪಕ್ಕದ ಕಂಬದೊಳಗೆ ತಂತಿ ಎಳೆಯುವಾಗ ಅದು ಪಕ್ಕದ ಏರ್‌ಬ್ಯಾಗಿನ ಮುಂದೆ ಹಾದುಹೋಗಕೂಡದು. ಹಾದರೆ ಏರ್‌ಬ್ಯಾಗು ಬಿಚ್ಚಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಹಾಗೆಯೇ ವಾಹನದ ಮೂಲ ತಂತಿಯನ್ನು ಕೊಯ್ದು ಬೆಸೆಯಕೂಡದು. ಫ್ಯೂಸ್ ಪೆಟ್ಟಿಗೆಯಿಂದ ಪ್ರತ್ಯೇಕ ಫ್ಯೂಸಿನ ಮೂಲಕ ವಿದ್ಯುತ್ ಪಡೆಯುವುದೇ ಸರಿಯಾದ ಕ್ರಮ. ಕೊಯ್ದ ತಂತಿ ವಾರಂಟಿಯ ತಕರಾರಿಗೂ, ಕೆಲವೊಮ್ಮೆ ಬೆಂಕಿಗೂ ದಾರಿಯಾಗುತ್ತದೆ.

ನಿಂತ ವಾಹನವನ್ನು ಕಾಯುವ ಪಾರ್ಕಿಂಗ್ ವ್ಯವಸ್ಥೆಗೂ ಮಿತಿಯುಂಟು. ಸಾಧನ 0.4 ಆಂಪಿಯರ್ ಬಳಸಿದರೆ ಒಂದು ರಾತ್ರಿಯ 12 ಗಂಟೆಗಳಲ್ಲಿ 4.8 ಆಂಪಿಯರ್-ಗಂಟೆ ವ್ಯಯವಾಗುತ್ತದೆ. 40 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಹೊರೆಯಲ್ಲ. ಹಗಲೂ ರಾತ್ರಿ ಮೂರು ದಿನ ನಿಂತರೆ ಸುಮಾರು 29 ಆಂಪಿಯರ್-ಗಂಟೆ ಖಾಲಿಯಾಗಿ ಗಾಡಿ ಚಾಲೂ ಆಗುವುದೇ ಕಷ್ಟ. ವೋಲ್ಟೇಜ್ ಇಳಿದೊಡನೆ ತಾನಾಗಿ ಕಡಿತಗೊಳಿಸುವ ಜೋಡಣೆ ಅನಿವಾರ್ಯ.

ಹಳ್ಳಿಯ ರಸ್ತೆಗಳಲ್ಲಿ ಓಡಾಡುವವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಅಪಘಾತದ ಹೊಡೆತವನ್ನು ಗುರುತಿಸಿ ದೃಶ್ಯವನ್ನು ಅಳಿಸದಂತೆ ಬೀಗ ಹಾಕುವ ಜಿ-ಸೆನ್ಸರನ್ನು ಅತಿ ಸೂಕ್ಷ್ಮವಾಗಿಟ್ಟರೆ, ಪ್ರತಿ ಗುಂಡಿಯೂ ಅದಕ್ಕೆ ಅಪಘಾತವೇ. ಬೀಗ ಬಿದ್ದ ದೃಶ್ಯಗಳಿಂದಲೇ ಕಾರ್ಡು ತುಂಬಿ, ನಿಜವಾದ ಅಪಘಾತದ ದಿನ ಜಾಗವೇ ಇಲ್ಲದಂತಾಗುತ್ತದೆ. ಸಂವೇದನೆಯನ್ನು ಕೆಳಮಟ್ಟದಲ್ಲಿರಿಸಿ, ತಿಂಗಳಿಗೊಮ್ಮೆ ಕಾರ್ಡನ್ನು ಪರಿಶೀಲಿಸುವುದು ಉಚಿತ.

ದೃಶ್ಯವನ್ನು ಸಾಕ್ಷ್ಯವಾಗಿಸುವುದು

ಅಪಘಾತವಾದಾಗ ಮೊದಲ ಕರ್ತವ್ಯ ಗಾಯಾಳುವಿನದು. ಮೋಟಾರು ವಾಹನ ಕಾಯಿದೆಯ 134ನೆಯ ಕಲಮಿನಂತೆ ಗಾಯಗೊಂಡವರಿಗೆ ಚಿಕಿತ್ಸೆ ಒದಗಿಸುವುದೂ, ಪೊಲೀಸರಿಗೆ ಮತ್ತು ವಿಮಾ ಕಂಪನಿಗೆ ತಿಳಿಸುವುದೂ ಚಾಲಕನ ಹೊಣೆ. ಅದಾದ ಬಳಿಕ ಮಾಡಬೇಕಾದ ಕೆಲಸವೆಂದರೆ ಕಾರ್ಡನ್ನು ಹೊರತೆಗೆದು, ಲಕೋಟೆಯಲ್ಲಿ ಹಾಕಿ, ದಿನಾಂಕ ಸಹಿತ ರುಜು ಮಾಡಿ ಮೊಹರು ಮಾಡುವುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಪರಿಹಾರದ ಅರ್ಜಿಗೆ ಆರು ತಿಂಗಳ ಅವಧಿಯನ್ನು ಗೊತ್ತುಪಡಿಸಿತು. ಆರನೆಯ ತಿಂಗಳಲ್ಲಿ ನೋಟೀಸು ಬಂದಾಗ, ಏಳೆಂಟು ಗಂಟೆಗಳಲ್ಲೇ ಅಳಿಸಿಹೋಗುವ ದೃಶ್ಯವನ್ನು ಹುಡುಕಿ ಫಲವಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯನ್ನು ನೆಚ್ಚಿಕೊಳ್ಳುವುದೂ ತಪ್ಪು. ಅಲ್ಲಿ ವಿಡಿಯೊ ಕುಗ್ಗಿ, ಮೂಲದ ಡಿಜಿಟಲ್ ಗುರುತೇ ಬದಲಾಗುತ್ತದೆ. ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದೂ, ಮೂಲ ಸಾಧನವನ್ನೇ ಹಾಜರುಪಡಿಸಿದಾಗ ಅದರ ಅಗತ್ಯವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಈ ಪ್ರಮಾಣಪತ್ರವನ್ನು ಎರಡು ಭಾಗವಾಗಿಸಿದೆ: ಒಂದನ್ನು ದೃಶ್ಯ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು; ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಮೂಲ ಕಾರ್ಡನ್ನು ಜೋಪಾನವಾಗಿರಿಸಿದವರಿಗೆ ಇದೊಂದೂ ತೊಡಕಲ್ಲ.

ಚಾಲಕನ ವಿಶ್ವಾಸ

ಕ್ಯಾಮೆರಾ ಮಾಲೀಕನ ಪರವಾಗಿಯೇ ಸಾಕ್ಷಿ ನುಡಿಯುತ್ತದೆಂಬ ಭರವಸೆ ಇಲ್ಲ. ತಮ್ಮ ವಾಹನದ ಅತಿವೇಗವನ್ನೂ ಅದು ದಾಖಲಿಸುತ್ತದೆ. ಅದಕ್ಕೆ ಹೆದರಿ ದೃಶ್ಯವನ್ನು ಅಳಿಸುವುದು ತಪ್ಪಿನ ಮೇಲೆ ಇನ್ನೊಂದು ತಪ್ಪು. ಹಾಗೆಯೇ, ಒಳಭಾಗದ ಕ್ಯಾಮೆರಾವನ್ನು ಚಾಲಕನಿಗೆ ತಿಳಿಸದೆ ಇಡುವುದು ಸರಿಯಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಸಾರಿದೆ. ಜರ್ಮನಿಯ ಸರ್ವೋನ್ನತ ಸಿವಿಲ್ ನ್ಯಾಯಾಲಯವು 2018ರ ಮೇ ತಿಂಗಳಿನಲ್ಲಿ, ಕಾರಣವಿಲ್ಲದೆ ಸತತವಾಗಿ ಚಿತ್ರಿಸುವುದು ದತ್ತಾಂಶ ರಕ್ಷಣೆಯ ಕಾನೂನಿಗೆ ವಿರುದ್ಧವೆಂದು ಹೇಳಿತಾದರೂ, ಅಪಘಾತದ ಮೊಕದ್ದಮೆಯಲ್ಲಿ ಆ ದೃಶ್ಯವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದಿತು. ರಸ್ತೆಯನ್ನು ನೋಡುವುದಕ್ಕೂ ಮನುಷ್ಯನನ್ನು ಇಣುಕುವುದಕ್ಕೂ ಅಂತರವಿದೆ. ವಾಹನದೊಳಗಿನ ಮಾತಿನ ಧ್ವನಿಮುದ್ರಣವನ್ನು ನಿಲ್ಲಿಸಿಡುವುದು, ದೃಶ್ಯವನ್ನು ಯಾವಾಗ, ಯಾರು ನೋಡಬಹುದೆಂದು ಚಾಲಕನೊಡನೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳುವುದು, ಅವನ ಮೇಲೆ ದೂರು ಬಂದಾಗ ದೃಶ್ಯವನ್ನು ಅವನಿಗೂ ತೋರಿಸುವುದು ನ್ಯಾಯೋಚಿತ. ತನ್ನನ್ನು ಕಾಪಾಡುವ ಸಾಧನವೆಂದು ಚಾಲಕ ನಂಬಿದರೆ ಅದನ್ನು ಅವನೇ ಒರೆಸಿ ಇಟ್ಟುಕೊಳ್ಳುತ್ತಾನೆ. ಬೇಹುಗಾರನೆಂದು ಬಗೆದರೆ ತಂತಿ ಸಡಿಲವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಸಂಘಟಿತ ಪ್ರಯತ್ನ ಅಗತ್ಯ

ಒಬ್ಬೊಬ್ಬರಾಗಿ ಕೊಂಡಾಗ ವರ್ತಕರಿಗೆ ದರದಲ್ಲಿಯೂ ಸೇವೆಯಲ್ಲಿಯೂ ನಷ್ಟ. ಹತ್ತಿಪ್ಪತ್ತು ಸದಸ್ಯರು ಒಟ್ಟಾಗಿ ಕೊಂಡು, ತರಬೇತಿ ಪಡೆದ ಒಬ್ಬ ವಾಹನ ಎಲೆಕ್ಟ್ರಿಷಿಯನ್ನನಿಂದ ಒಂದೇ ಕ್ರಮದಲ್ಲಿ ಜೋಡಿಸಿಕೊಂಡರೆ ಖರ್ಚು ತಗ್ಗುತ್ತದೆ, ದುರಸ್ತಿಯೂ ಕೈಗೆಟುಕುತ್ತದೆ. ಒಟ್ಟು ವೆಚ್ಚದ ಐದನೆಯ ಒಂದು ಪಾಲನ್ನಾದರೂ ಅಳವಡಿಕೆ ಮತ್ತು ಉತ್ತಮ ಕಾರ್ಡಿಗೆ ತೆಗೆದಿರಿಸಬೇಕು. ಸರಕು ವಾಹನಕ್ಕೆ ಹಾಕಿಸಿದ ಸಾಧನದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯ ಬಗೆಗೆ ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು. ಸಾಮಾನ್ಯ ಪ್ರಯಾಣಿಕ ಕಾರುಗಳಿಗಿರುವ ನಿರ್ಬಂಧ ಸರಕು ವಾಹನಗಳಿಗಿಲ್ಲ. ವಾಣಿಜ್ಯ ಸಂಸ್ಥೆಗಳು ಅಳವಡಿಕೆಯ ಕ್ರಮ, ಚಾಲಕರೊಡನೆ ಒಪ್ಪಂದದ ನಮೂನೆ, ಅಪಘಾತದ ಬಳಿಕ ಪಾಲಿಸಬೇಕಾದ ಹೆಜ್ಜೆಗಳು ಇವಿಷ್ಟನ್ನು ಒಂದು ಪುಟದ ಸೂಚನೆಯಾಗಿ ಮುದ್ರಿಸಿ ಸದಸ್ಯರಿಗೆ ಹಂಚಿದರೆ ಉಪಯುಕ್ತ ಸೇವೆಯಾದೀತು.

ಮಳೆಗಾಲವು ಆರಂಭವಾಗುವ ಮುನ್ನ ವಾಹನದ ಟಯರು, ಬ್ರೇಕು, ವೈಪರುಗಳನ್ನು ಪರೀಕ್ಷಿಸುವ ಪದ್ಧತಿ ಈ ಭಾಗದಲ್ಲಿ ಮೊದಲಿನಿಂದಲೂ ಇದೆ. ಆ ಪಟ್ಟಿಗೆ ಕ್ಯಾಮೆರಾದ ಕಾರ್ಡು, ಗಡಿಯಾರ, ತಂತಿಗಳನ್ನೂ ಸೇರಿಸಿಕೊಳ್ಳಲು ವರ್ತಕ ಬಂಧುಗಳಿಗೆ ಇದು ಸಕಾಲ.