ವಿನೈಲ್ ಸೈಡಿಂಗ್ ಅಲುಗಾಡಿದರೆ ಕೆಲಸ ಕೆಟ್ಟಿದೆ ಎಂದರ್ಥವೇ?

ಅಮೆರಿಕದಲ್ಲೋ ಕೆನಡಾದಲ್ಲೋ ಮನೆ ಕೊಂಡ ಬಂಧುಗಳಿದ್ದರೆ ಇಂಥದ್ದೊಂದು ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು: 'ಮನೆಯ ಹೊರಗೋಡೆಯ ಪ್ಲಾಸ್ಟಿಕ್ ಪಟ್ಟಿಯನ್ನು ಕೈಯಿಂದ ಸರಿಸಿ ನೋಡಿ. ಅಲುಗಾಡಿದರೆ ಕಾಂಟ್ರಾಕ್ಟರ್ ಮೋಸ ಮಾಡಿದ್ದಾನೆ. ಮೊಳೆ ಬಿಗಿಯಾಗಿ ಹೊಡೆದು, ಸಂದುಗಳಿಗೆ ಸಿಲಿಕೋನ್ ತುಂಬಿ.' ಕೇಳಲು ಸರಿಯೆನಿಸುತ್ತದೆ, ಆದರೆ ಹೆಚ್ಚುಕಡಿಮೆ ಪೂರ್ತಿ ತಪ್ಪು. ಹಾಗೆ ಮಾಡಿದವರು ಚೆನ್ನಾಗಿದ್ದ ಗೋಡೆಯನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಅಲ್ಲಿನ ಬಹುತೇಕ ಮನೆಗಳ ಗೋಡೆ ನಮ್ಮಂತೆ ಇಟ್ಟಿಗೆ, ಗಾರೆಯದ್ದಲ್ಲ. ಮರದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಅದರ ಮೇಲೆ ನೀರು ತಡೆಯುವ ತೆಳು ಹೊದಿಕೆ, ಕೊನೆಗೆ ಸೈಡಿಂಗ್ ಎಂಬ ಹೊರಕವಚ. ವಿನೈಲ್ ಎಂದರೆ ಬೇರೇನಲ್ಲ, ನಮ್ಮ ನಲ್ಲಿ ಪೈಪಿನ ಪಿವಿಸಿಯೇ. ಈ ಪಿವಿಸಿ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದು ಉಕ್ಕಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಹನ್ನೆರಡೂವರೆ ಅಡಿಯ ಪಟ್ಟಿಯೊಂದು ಹಿಮಗಾಲದಿಂದ ಬೇಸಿಗೆಗೆ ಬರುವಾಗ ಅರ್ಧ ಇಂಚಿನಷ್ಟು ಉದ್ದವಾಗುತ್ತದೆ. ಅದಕ್ಕೆ ಜಾಗ ಬೇಕಲ್ಲವೇ?

ಅದಕ್ಕೇ ಪಟ್ಟಿಯ ಮೇಲಂಚಿನಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳುಗಳಿರುತ್ತವೆ. ಮೊಳೆಯನ್ನು ಸೀಳಿನ ನಡುಮಧ್ಯಕ್ಕೆ ನೇರವಾಗಿ ಹೊಡೆದು, ತಲೆಗೂ ಪಟ್ಟಿಗೂ ನಡುವೆ ಸುಮಾರು 1 ಮಿಲಿಮೀಟರ್ ಬಿಡಬೇಕು. ಪಟ್ಟಿ ಮೊಳೆಗೆ ತೂಗುಬಿದ್ದಿರಬೇಕು, ಜಡಿದಿರಬಾರದು. ಮೂಲೆ, ಕಿಟಕಿಗಳ ಬಳಿ ಕಾಲು ಇಂಚು ಸಂದು ಬಿಡುವುದು ರೂಢಿ, ಚಳಿಯಲ್ಲಿ ಕೆಲಸ ಮಾಡಿದರೆ ಇನ್ನೂ ಸ್ವಲ್ಪ ಹೆಚ್ಚು. ಸರಿಯಾಗಿ ಕೂರಿಸಿದ ಪಟ್ಟಿ ಕೈಯಿಂದ ತಳ್ಳಿದರೆ ಅಕ್ಕಪಕ್ಕಕ್ಕೆ ತುಸು ಸರಿಯುತ್ತದೆ. ಅಂದರೆ ಆ ಫಾರ್ವರ್ಡ್ 'ಮೋಸ'ಕ್ಕೆ ಸಾಕ್ಷಿ ಎಂದದ್ದು ನಿಜದಲ್ಲಿ ಒಳ್ಳೆಯ ಕೆಲಸದ ಗುರುತು! ಬಿಗಿದು ಹೊಡೆದರೆ ಬೇಸಿಗೆಯಲ್ಲಿ ಪಟ್ಟಿ ಅಲೆಯಲೆಯಾಗಿ ಉಬ್ಬುತ್ತದೆ.

ಸಿಲಿಕೋನ್ ವಿಷಯ ಇನ್ನೂ ಗಂಭೀರ. ಸೈಡಿಂಗ್ ಜಲನಿರೋಧಕವಲ್ಲ, ಹಾಗಿರಲೆಂದು ಅದನ್ನು ಮಾಡಿಯೂ ಇಲ್ಲ. ಗಾಳಿಮಳೆಗೆ ಒಳನುಗ್ಗಿದ ನೀರು ಹೊದಿಕೆಯ ಮೇಲೆ ಜಾರಿ, ಪಟ್ಟಿಗಳ ಕೆಳಂಚಿನ ಸಣ್ಣ ರಂಧ್ರಗಳಿಂದ ಹೊರಬರುತ್ತದೆ. ಆ ರಂಧ್ರಗಳನ್ನೂ ಪಟ್ಟಿ ಪಟ್ಟಿ ಕೂಡುವ ಜಾಗಗಳನ್ನೂ ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ಹೊರಗೆ ಬೆಳ್ಳಗೆ ಹೊಳೆಯುವ ಗೋಡೆಯ ಹಿಂದೆ ಹಲಗೆ ಕೊಳೆಯುತ್ತಿರುತ್ತದೆ, ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರಬಹುದು.

ಹಾಗಾದರೆ ಪಟ್ಟಿಯೊಂದು ನಿಜಕ್ಕೂ ಕಳಚಿ ಗಾಳಿಗೆ ಪಟಪಟ ಬಡಿಯುತ್ತಿದ್ದರೆ? ಮುಖದ ಮೇಲೆ ಮೊಳೆ ಹೊಡೆಯಬೇಡಿ. ಜಿಪ್ ಟೂಲ್ ಎಂಬ ಕೈಯುಪಕರಣ ಸಿಗುತ್ತದೆ: ಹಿಡಿಕೆ, ತುದಿಯಲ್ಲಿ ಬಾಗಿದ ಲೋಹದ ಕೊಕ್ಕೆ, ಅಷ್ಟೇ. ಪ್ರತಿ ಪಟ್ಟಿಯ ಕೆಳಂಚು ಕೆಳಗಿನ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಕೊಕ್ಕೆಯನ್ನು ಆ ಅಂಚಿಗೆ ಹಾಕಿ ಕೆಳಕ್ಕೆ ಎಳೆಯುತ್ತಾ ಸರಿಸಿದರೆ ಜಿಪ್ ತೆರೆದಂತೆ ಬಿಡಿಸಿಕೊಳ್ಳುತ್ತದೆ. ಕಳಚಿದ್ದನ್ನು ಮತ್ತೆ ಸಿಕ್ಕಿಸುವುದೂ ಇದರಿಂದಲೇ. ಒಡೆದ ಪಟ್ಟಿ ಬದಲಿಸಬೇಕಿದ್ದರೆ ಅದರ ಮೇಲಿನದ್ದನ್ನು ಬಿಡಿಸಿ, ತುಸು ಎತ್ತಿ ಹಿಡಿದು, ಒಡೆದದ್ದರ ಮೊಳೆ ಕಿತ್ತು, ಹೊಸದನ್ನು ಕೆಳಗಿನದಕ್ಕೆ ಸಿಕ್ಕಿಸಿ ಮೊಳೆ ಹೊಡೆದು, ಮೇಲಿನದ್ದನ್ನು ಮತ್ತೆ ಮುಚ್ಚಿದರಾಯಿತು. ಕತ್ತರಿಸಲು ತಗಡಿನ ಕತ್ತರಿ ಸಾಕು. ಪ್ರತಿ ಸಲ ಅಲಗನ್ನು ಪೂರ್ತಿ ಮುಚ್ಚದಿದ್ದರೆ ಅಂಚು ಚೊಕ್ಕಟವಾಗಿ ಬರುತ್ತದೆ. ಚಳಿಗಾಲದಲ್ಲಿ ವಿನೈಲ್ ಬಿರುಸಾಗಿ ಸೀಳುವುದರಿಂದ ಬೆಚ್ಚಗಿನ ದಿನಕ್ಕೆ ಕಾಯುವುದು ಮೇಲು. ಎರಡನೇ ಮಹಡಿಯಾದರೆ ಏಣಿ ಹತ್ತುವ ಸಾಹಸ ಬೇಡ, ಕೆಲಸ ಬಲ್ಲವರನ್ನು ಕರೆಯಿರಿ. ಹಳೆಯ ಮನೆಗಳಲ್ಲಿ ವಿನೈಲ್‌ನ ಹಿಂದೆ ಕಲ್ನಾರಿನ ಹಲಗೆಯೋ ಸೀಸದ ಬಣ್ಣವೋ ಇರಬಹುದು. ಅಂಥಲ್ಲಿ ಕೆರೆಯುವ, ಕೊರೆಯುವ ಮುನ್ನ ಪರೀಕ್ಷೆ ಮಾಡಿಸಬೇಕು.

ಇದೇ ವಿಷಯದ ಇನ್ನೊಂದು ಮಾತು, 'ಪಕ್ಕದ ಮನೆಯ ಕಿಟಕಿ ನಮ್ಮ ಗೋಡೆ ಕರಗಿಸಿತು' ಎಂಬುದು, ನಗು ತರಿಸಿದರೂ ನಿಜ. ಶಾಖ ತಡೆಯುವ ಲೇಪನದ ಜೋಡಿ ಗಾಜು ಕೆಲವೊಮ್ಮೆ ತುಸು ಒಳಬಾಗಿ, ನಿಮ್ನ ದರ್ಪಣದಂತೆ ಬಿಸಿಲನ್ನು ಒಂದೆಡೆ ಕೂಡಿಸುತ್ತದೆ. ವಿನೈಲ್ ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಅಲ್ಲಿ ಪಟ್ಟಿ ಬದಲಿಸಿದರೂ ಮುಂದಿನ ಬೇಸಿಗೆಯಲ್ಲಿ ಮತ್ತೆ ಅದೇ ಕಥೆ; ಮೊದಲು ಆ ಕಿಟಕಿಗೆ ನೆರಳು ಅಥವಾ ಹೊರಜಾಲರಿ ಹಾಕಿಸಬೇಕು.