ಮೀಟರಿನ ಮುಳ್ಳು, ಎಣ್ಣೆಯ ಪೊರೆ

‘ನಮ್ಮ ಮನೆಗೆ ಆಧಾರ ಒಂದೇ ಲಾರಿ. ಹುಣಸೂರಿನ ತಂಬಾಕು, ಕೋಟೆಯ ಹತ್ತಿ, ಶುಂಠಿ ಸಾಗಿಸುತ್ತೇವೆ. ಈಚೆಗೆ ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಕೆಳಕ್ಕೆ ಬೀಳುತ್ತಿದೆ. ಗಟ್ಟಿ ಆಯಿಲ್ ಹಾಕಿದರೆ ಮುಳ್ಳು ಮೇಲೇರುತ್ತದೆ ಎಂದು ಒಬ್ಬರು ಹೇಳುತ್ತಾರೆ. ವಾಲ್ವಿನ ಸ್ಪ್ರಿಂಗಿಗೆ ಒಂದು ವಾಷರ್ ಕೊಟ್ಟರೆ ಸಾಕು ಎಂದು ಇನ್ನೊಬ್ಬರು. ಎಂಜಿನ್ ಇಳಿಸಲೇಬೇಕು ಎಂದು ಮೂರನೆಯವರು. ಅಪ್ಪ ಯಾರ ಮಾತು ಕೇಳಬೇಕು?’

ಬೀಚನಹಳ್ಳಿಯ ಪಿಯುಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು. ಎಂಜಿನ್ ಇಳಿಸುವುದೆಂದರೆ ದುಡ್ಡಿನ ಖರ್ಚು ಒಂದು ಕಡೆ, ಬಾಡಿಗೆ ಇಲ್ಲದೆ ಲಾರಿ ನಿಲ್ಲುವ ದಿನಗಳ ನಷ್ಟ ಇನ್ನೊಂದು ಕಡೆ. ಹಾಗೆಂದು ಉಪೇಕ್ಷೆ ಮಾಡಿದರೆ ಎಂಜಿನ್ ಸೀಜ್ ಆಗಿ, ರಿಪೇರಿಯ ಹತ್ತಾರು ಪಟ್ಟು ಕಳೆದುಕೊಳ್ಳಬೇಕಾಗಬಹುದು. ಆದ್ದರಿಂದ ಈ ವಾರ ಆಯಿಲ್ ಪ್ರೆಷರಿನ ಒಳಗುಟ್ಟನ್ನೇ ನೋಡೋಣ.

ಪ್ರಶ್ನೆ ಬಂದ ಊರಿನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆ ಇರುವುದು ಬೀಚನಹಳ್ಳಿಯ ಬಳಿ. ಅಲ್ಲಿಂದ ಹೊರಟ ನಾಲೆಯ ಉದ್ದಕ್ಕೂ ತೂಬುಗಳಿವೆ. ತೂಬುಗಳು ಅಳತೆಗೆ ತಕ್ಕಂತಿದ್ದರೆ ನಾಲೆಯಲ್ಲಿ ನೀರಿನ ಮಟ್ಟ ನಿಲ್ಲುತ್ತದೆ, ಕೊನೆಯ ಗದ್ದೆಗೂ ನೀರು ಹೋಗುತ್ತದೆ. ಮೇಲಿನ ತೂಬುಗಳು ಒಡೆದು ಅಗಲವಾದರೆ ಮಟ್ಟ ಕುಸಿಯುತ್ತದೆ, ಕೊನೆಯ ಭಾಗದ ರೈತ ಕಾಯುತ್ತಾ ಕೂರುತ್ತಾನೆ. ಲಾರಿಯ ಎಂಜಿನ್ನಿನಲ್ಲೂ ಇಂಥದೇ ಏರ್ಪಾಡು. ಅಡಿಯ ಚೇಂಬರಿನಲ್ಲಿರುವ ಆಯಿಲನ್ನು ಪಂಪು ಎತ್ತಿ, ಫಿಲ್ಟರಿನ ಮೂಲಕ ಒಂದು ಮುಖ್ಯ ಕಾಲುವೆಗೆ ತಳ್ಳುತ್ತದೆ. ಅಲ್ಲಿಂದ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೆ, ಕನೆಕ್ಟಿಂಗ್ ರಾಡುಗಳಿಗೆ, ಮೇಲಿನ ರಾಕರುಗಳಿಗೆ, ಟರ್ಬೋಗೆ ಆಯಿಲ್ ಹಂಚಿಕೆಯಾಗುತ್ತದೆ. ಬೇರಿಂಗಿನ ಸಂದುಗಳೇ ಇಲ್ಲಿನ ತೂಬುಗಳು.

ಮೊದಲು ತಿಳಿಯಬೇಕಾದ ಮಾತೆಂದರೆ, ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ. ಅದು ಆಯಿಲನ್ನು ತಳ್ಳುತ್ತದೆ, ಅಷ್ಟೆ. ಆ ಆಯಿಲ್ ಹೊರಬೀಳಲು ಸಂದುಗಳಲ್ಲಿ ಎಷ್ಟು ಕಷ್ಟಪಡಬೇಕೋ ಆ ಅಡ್ಡಿಯೇ ಮೀಟರಿನಲ್ಲಿ ಒತ್ತಡವಾಗಿ ಕಾಣುತ್ತದೆ. ನಲ್ಲಿಯ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದ ಮಕ್ಕಳಿಗೆಲ್ಲ ಇದು ಗೊತ್ತು.

ಹಾಗಾದರೆ ಸುತ್ತುವ ಶಾಫ್ಟನ್ನು ಲೋಹಕ್ಕೆ ಲೋಹ ತಾಗದಂತೆ ಎತ್ತಿ ಹಿಡಿಯುವುದು ಮೀಟರಿನಲ್ಲಿ ಕಾಣುವ ಈ ಒತ್ತಡವೇ? ಅಲ್ಲ. ಇದರ ಉತ್ತರ ಇಂಗ್ಲೆಂಡಿನಲ್ಲಿ 1880ರ ದಶಕದಲ್ಲಿ ಸಿಕ್ಕಿತು. ಬೀಚಂ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರೆ, ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಮರದ ಬಿರಡೆ ಹಾಕಿದರೆ ಅದನ್ನೂ ತಳ್ಳಿಹಾಕಿತು. ಮೀಟರ್ ಜೋಡಿಸಿ ನೋಡಿದರೆ ಒತ್ತಡ ಚದರ ಅಂಗುಲಕ್ಕೆ 200 ಪೌಂಡನ್ನು ಮೀರಿತ್ತು. ಬೇರಿಂಗಿನ ಮೇಲಿದ್ದ ಸರಾಸರಿ ಹೊರೆ ಮಾತ್ರ 100 ಪೌಂಡ್! ಅಲ್ಲಿ ಪಂಪೇ ಇರಲಿಲ್ಲ. ಅಚ್ಚು ತನ್ನ ಸುತ್ತಾಟದಿಂದಲೇ ಎಣ್ಣೆಯನ್ನು ಇಕ್ಕಟ್ಟಾದ ಸಂದಿಗೆ ಎಳೆದು, ಬೆಣೆಯ ಹಾಗೆ ಒತ್ತಿ, ಆ ಬೆಣೆಯ ಮೇಲೆ ತಾನೇ ತೇಲುತ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿಟ್ಟ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದಿಗೂ ಆ ಸಮೀಕರಣ ಪಾಠವಾಗುತ್ತದೆ.

ಲಾರಿಯಲ್ಲೂ ಶಾಫ್ಟನ್ನು ಹೊರುವುದು ಈ ಎಣ್ಣೆಯ ಪೊರೆಯೇ. ಪೊರೆಗೆ ಬೇಕಾದ ಆಯಿಲನ್ನು ಎಡೆಬಿಡದೆ ಒದಗಿಸುವುದು, ಹರಿವಿನ ಜತೆಯಲ್ಲಿ ಕಾವನ್ನು ಹೊತ್ತೊಯ್ಯುವುದು ಪಂಪಿನ ಕೆಲಸ. ಮುಳ್ಳು ಕೆಳಗೆ ಬಿತ್ತೆಂದರೆ ‘ಸರಬರಾಜು ಸಾಲದಾಗುತ್ತಿದೆ’ ಎಂಬ ಸೂಚನೆ. ಮುಳ್ಳನ್ನು ಹೇಗಾದರೂ ಮೇಲೇರಿಸಿದ ಮಾತ್ರಕ್ಕೆ ಸರಬರಾಜು ಸರಿಯಾಯಿತೆಂದು ಹೇಳಲಾಗದು.

ಈಗ ಗಟ್ಟಿ ಆಯಿಲಿನ ಸಲಹೆಯನ್ನು ಲೆಕ್ಕಕ್ಕೆ ಹಚ್ಚೋಣ. ಬೇರಿಂಗಿನ ಸಂದು ಹೊಸದರಲ್ಲಿ ತಲೆಗೂದಲಿನ ದಪ್ಪದಷ್ಟು, ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಇರುತ್ತದೆ. ಇಂಥ ಸಂದಿನಲ್ಲಿ ಸೋರುವ ಆಯಿಲಿನ ಪ್ರಮಾಣ ಸಂದಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಂದರೆ ಸಂದು ಸವೆದು ಎರಡು ಪಟ್ಟಾದರೆ, ಅದೇ ಒತ್ತಡದಲ್ಲಿ ಸೋರಿಕೆ ಎರಡು ಪಟ್ಟಲ್ಲ, 2×2×2, ಎಂಟು ಪಟ್ಟು! ಒಂದೂವರೆ ಪಟ್ಟಾದರೂ ಸೋರಿಕೆ ಸುಮಾರು 3.4 ಪಟ್ಟು. ಇದನ್ನು ಆಯಿಲಿನ ಗಟ್ಟಿತನದಿಂದಲೇ ಸರಿದೂಗಿಸಬೇಕಾದರೆ ಅದೂ ಅಷ್ಟೇ ಪಟ್ಟು ಹೆಚ್ಚಬೇಕು. ಆದರೆ ಬಿಸಿ ಎಂಜಿನ್ನಿನಲ್ಲಿ, 40ರ ಗ್ರೇಡಿಗಿಂತ 50ರ ಗ್ರೇಡಿನ ಆಯಿಲ್ ಗಟ್ಟಿಯಾಗಿರುವುದು ಸಾಮಾನ್ಯವಾಗಿ ಸುಮಾರು ಮೂರನೇ ಒಂದು ಭಾಗದಷ್ಟು. ಮುಳ್ಳು ತುಸು ಮೇಲೇಳುತ್ತದೆ. ಬೇರಿಂಗು ಸವೆಯುವುದು ಹಾಗೇ ಮುಂದುವರಿಯುತ್ತದೆ. ಮೇಲಾಗಿ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಗಟ್ಟಿ ಆಯಿಲ್ ರಾಕರಿಗೂ ಟರ್ಬೋಗೂ ತಡವಾಗಿ ತಲುಪುತ್ತದೆ. ಟರ್ಬೋದ ಪುಟ್ಟ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಂಥದು. ನಾಲೆಯ ಕೊನೆಯ ಗದ್ದೆ ಅದೇ.

ವಾಷರಿನ ಉಪಾಯವೂ ಅಷ್ಟೆ. ಒತ್ತಡ ಮಿತಿ ಮೀರಿದಾಗ ಸ್ಪ್ರಿಂಗನ್ನು ತಳ್ಳಿ ತೆರೆದು, ಹೆಚ್ಚಾದ ಆಯಿಲನ್ನು ಚೇಂಬರಿಗೆ ವಾಪಸು ಬಿಡಲು ರಿಲೀಫ್ ವಾಲ್ವು ಇದೆ. ಒತ್ತಡ ಕಡಿಮೆ ಇರುವಾಗ ಸರಿಯಾಗಿರುವ ವಾಲ್ವು ಮುಚ್ಚಿಕೊಂಡೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿದರೆ ಏನು ಲಾಭ? ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಒತ್ತಡ ಮಿತಿ ಮೀರಿ ಫಿಲ್ಟರಿಗೂ ಪಂಪಿನ ಗೇರುಗಳಿಗೂ ಪೆಟ್ಟು ಬೀಳಬಹುದು. ಸ್ಪ್ರಿಂಗ್ ಬಳಲಿದ್ದರೆ ಅಥವಾ ವಾಲ್ವಿನಲ್ಲಿ ಕಸ ಸಿಕ್ಕಿ ತೆರೆದೇ ಉಳಿದಿದ್ದರೆ ಮಾತು ಬೇರೆ. ಆಗಲೂ ವಾಲ್ವನ್ನು ಸ್ವಚ್ಛಮಾಡಿ, ಸರಿಯಾದ ಹೊಸ ಸ್ಪ್ರಿಂಗ್ ಹಾಕುವುದೇ ದಾರಿ.

ಇನ್ನೊಂದು ಸೂಕ್ಷ್ಮವಿದೆ. ಪಂಪು ಅಗತ್ಯಕ್ಕಿಂತ ಹೆಚ್ಚು ಆಯಿಲ್ ತಳ್ಳುವಷ್ಟು ದೊಡ್ಡದಾಗಿರುತ್ತದೆ. ಬೇರಿಂಗು ಸವೆಯತೊಡಗಿದಾಗ ವಾಲ್ವಿನಿಂದ ವಾಪಸಾಗುತ್ತಿದ್ದ ಆ ಹೆಚ್ಚುವರಿ ಮೊದಲು ಖರ್ಚಾಗುತ್ತದೆ. ಮುಳ್ಳು ಅಲುಗುವುದೇ ಇಲ್ಲ. ಉಳಿತಾಯವೆಲ್ಲ ಕರಗಿದ ಮೇಲಷ್ಟೇ ಮುಳ್ಳು ಬೀಳುತ್ತದೆ. ಅದೂ ಮೊದಲಿಗೆ, ಎಂಜಿನ್ ಬಿಸಿಯಾಗಿ ನಿಧಾನಗತಿಯಲ್ಲಿ ಓಡುತ್ತಿರುವಾಗ. ಏಕೆಂದರೆ ಆಗ ಆಯಿಲ್ ತೆಳ್ಳಗೆ, ಪಂಪು ನಿಧಾನ. ಹೀಗಾಗಿ ಬಿಸಿ ಐಡ್ಲಿಂಗಿನಲ್ಲಿ ಮುಳ್ಳು ಬೀಳತೊಡಗಿದರೆ ಅದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬಾರದು.

ಹಾಗೆಂದು ಕೂಡಲೇ ಎಂಜಿನ್ ಇಳಿಸಲೂ ಹೊರಡಬಾರದು. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಕಡ್ಡಿ ಎತ್ತಿ ಆಯಿಲಿನ ಮಟ್ಟ ನೋಡಿ. ಮಟ್ಟ ತಾನಾಗಿ ಏರಿದ್ದು, ಡೀಸೆಲ್ ವಾಸನೆ ಬರುತ್ತಿದ್ದರೆ ಆಯಿಲಿಗೆ ಡೀಸೆಲ್ ಬೆರೆತು ತೆಳ್ಳಗಾಗಿದೆ. ಇಂಜೆಕ್ಟರ್ ಮತ್ತು ಡೀಸೆಲ್ ಪಂಪನ್ನು ತೋರಿಸಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ, ಲಾರಿಯನ್ನು ಓಡಿಸಲೇಬಾರದು. ಎರಡೂ ಇಲ್ಲವಾದರೆ, ಮೀಟರೇ ಸುಳ್ಳು ಹೇಳುತ್ತಿರಬಹುದು. ಅದರ ಸೆಂಡರ್ ಕೆಡುವುದು ಅಪರೂಪವೇನಲ್ಲ. ಎಂಜಿನ್ನಿಗೆ ನೇರವಾಗಿ ಬೇರೊಂದು ಮೀಟರ್ ಜೋಡಿಸಿ ತಾಳೆ ನೋಡಲು ಮೆಕ್ಯಾನಿಕ್ಕಿಗೆ ಹೇಳಿ. ಒತ್ತಡ ನಿಜವಾಗಿಯೂ ಕಡಿಮೆಯಿದ್ದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ರಿಲೀಫ್ ವಾಲ್ವು ಬಿಚ್ಚಿ ನೋಡಿ, ಚೇಂಬರ್ ಇಳಿಸಿ ಜಾಲರಿಗೆ ಕಟ್ಟಿದ ಮಡ್ಡಿ ತೆಗೆಸಿ. ಚೇಂಬರ್ ಇಳಿದಾಗಲೇ ಬೇರಿಂಗಿನ ಒಂದು ಕ್ಯಾಪ್ ಬಿಚ್ಚಿಸಿದರೆ ಸವೆತ ಕಣ್ಣಿಗೇ ಕಾಣುತ್ತದೆ. ಬೇರಿಂಗನ್ನಷ್ಟೇ ಬದಲಿಸಿದರೆ ಸಾಕೋ, ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕಳಿಸಬೇಕೋ ಎಂಬುದನ್ನು ಆಗ ಅಳತೆ ನೋಡಿ ತೀರ್ಮಾನಿಸಬಹುದು.

ಆಯಿಲಿನ ಗ್ರೇಡೂ ಒತ್ತಡದ ಅಂಕಿಗಳೂ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತವೆ. ಪಕ್ಕದ ಲಾರಿಯ ಅಂಕಿಯನ್ನು ನಮ್ಮದಕ್ಕೆ ಹಚ್ಚಬಾರದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಲಾರಿಗಳಿಗೆ, ಹೊಗೆಯ ಫಿಲ್ಟರು ಕಟ್ಟದಂಥ ವಿಶೇಷ ಆಯಿಲೇ ಬೇಕು. ಅಂಥ ಎಂಜಿನ್ನಿಗೆ ಸಿಕ್ಕಿದ ಗಟ್ಟಿ ಆಯಿಲ್ ಸುರಿಯುವುದು ಇನ್ನೂ ಅಪಾಯ.

ಕೆಂಪು ದೀಪ ಹತ್ತಿ, ಮುಳ್ಳು ಸೊನ್ನೆಗೆ ಇಳಿದರೆ ‘ಮುಂದಿನ ಊರಿನವರೆಗೆ ಹೋಗೋಣ’ ಎನ್ನುವ ಮಾತೇ ಬೇಡ. ಲಾರಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಬೇಕು. ಮಾನಂದವಾಡಿ ಕಡೆಗೆ ಹೋಗುವವರು ಅಂತರಸಂತೆ ದಾಟಿ ಕಾಡು ಹೊಗುವ ಮುಂಚೆಯೇ ಆಯಿಲ್ ಮತ್ತು ಮುಳ್ಳು ನೋಡಿಕೊಳ್ಳುವುದು ಕ್ಷೇಮ. ಆನೆ ಓಡಾಡುವ ದಾರಿಯಲ್ಲಿ ಲಾರಿ ಕೆಟ್ಟು ನಿಲ್ಲುವುದು ಯಾರಿಗೂ ಬೇಡ.

ತಂದೆತಾಯಂದಿರಿಗೂ ಒಂದು ಮಾತು. ಹತ್ತನೆಯ ತರಗತಿ ಪಾಸಾದವರಿಗೆ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಎಂಬ ಒಂದು ವರ್ಷದ ತರಬೇತಿ ಇದೆ. ಮೈಸೂರಿನಲ್ಲೇ ಬೆಮೆಲ್ ಕಾರ್ಖಾನೆ ಗಣಿಗಳ ದೈತ್ಯ ಡಂಪರುಗಳನ್ನು ತಯಾರಿಸುತ್ತದೆ. ಅಳೆದು ನೋಡಿ ಮಾತಾಡುವ ಮೆಕ್ಯಾನಿಕ್ಕಿಗೆ ಎಲ್ಲ ಊರಿನಲ್ಲೂ ಬೇಡಿಕೆ ಇದೆ. ಇದನ್ನು ಓದು ಹತ್ತದವರ ಪಾಲಿನ ಕೆಲಸವೆಂದು ಎಣಿಸಬೇಕಿಲ್ಲ.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಒಂದು ಮನೆಗೆಲಸ. ಒಂದು ನೋಟುಬುಕ್ಕು ತೆಗೆದುಕೊಂಡು ಎರಡು ವಾರ ಪ್ರತಿದಿನ ನಾಲ್ಕು ಸಂಗತಿ ಬರೆಯಿರಿ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಿನ ಒತ್ತಡ, ಬಿಸಿಯಾಗಿ ಓಡುವಾಗಿನದು, ಬಿಸಿ ಐಡ್ಲಿಂಗಿನದು, ಮೇಲಿಂದ ಸುರಿದ ಆಯಿಲ್ ಎಷ್ಟು ಎಂಬುದು. ಅಪ್ಪ ಬಾಡಿಗೆಗೆ ಹೋದ ದಿನ ಅವರನ್ನೇ ಕೇಳಿ ಬರೆದುಕೊಳ್ಳಿ. ಮುಳ್ಳು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಎರಡು ವಾರ ಕಾಯದೆ ಲಾರಿ ನಿಲ್ಲಿಸಿ ತೋರಿಸಿ. ಒಂದೇ ಮಟ್ಟದಲ್ಲಿದ್ದರೆ ಗ್ರಾಫ್ ಎಳೆದು ಮೆಕ್ಯಾನಿಕ್ಕಿನ ಬಳಿಗೆ ಒಯ್ಯಿರಿ. ಮೂವರ ಸಲಹೆಯಲ್ಲಿ ಯಾವುದು ಸರಿ ಎಂದು ಅಪ್ಪ ಆ ಹಾಳೆ ನೋಡಿ ನಿರ್ಧರಿಸಲಿ.