ಲೈಟಿನ ಜೊತೆ ಬರುವ ಮನುಷ್ಯ

ಕನ್ನಡ ಸಿನಿಮಾದ ನಿರ್ಮಾಪಕರು ಲೈಟುಗಳನ್ನು ಕೊಳ್ಳುವುದು ಅಪರೂಪ, ಬಾಡಿಗೆಗೆ ತರುತ್ತಾರೆ. ಬಾಡಿಗೆಗೆ ಕೊಡುವವರಿಗೆ ಗಾಂಧಿನಗರದಲ್ಲಿ ಔಟ್‌ಡೋರ್ ಯೂನಿಟ್‌ನವರು ಎಂದು ಹೆಸರು. ಯೂನಿಟ್ ಬಂತು ಎಂದರೆ ಲಾರಿ ಬಂತು, ಹಿಂದೆಯೇ ಜನರೇಟರ್ ವ್ಯಾನ್ ಬಂತು ಎಂದರ್ಥ. ಲಾರಿಯಲ್ಲಿ ಎಚ್‌ಎಂಐ, ಬೇಬಿ ದೀಪಗಳು, ಸ್ಟ್ಯಾಂಡು, ಸ್ಕಿಮ್ಮರ್, ಕಟ್ಟರ್, ಥರ್ಮಾಕೋಲ್ ಹಲಗೆ, ಸುರುಳಿ ಸುತ್ತಿದ ಕೇಬಲ್ ಇರುತ್ತವೆ. ಅವುಗಳ ಜೊತೆ ಐದಾರು ಮಂದಿ ಲೈಟ್‌ಮನ್‌ಗಳೂ ಇಳಿಯುತ್ತಾರೆ.

ನಟರನ್ನು, ಕ್ಯಾಮೆರಾಮನ್‌ನನ್ನು, ಸಂಕಲನಕಾರನನ್ನು ನಿರ್ಮಾಪಕ ಹೆಸರು ಹಿಡಿದು ಕರೆಸುತ್ತಾನೆ. ಲೈಟ್‌ಮನ್‌ನನ್ನು ಸಾಮಾನ್ಯವಾಗಿ ಯಾರೂ ಹೆಸರು ಹಿಡಿದು ಕರೆಸುವುದಿಲ್ಲ. ಅವನು ಲೈಟಿನ ಜೊತೆ ಬರುತ್ತಾನೆ, ಲೈಟಿನ ಜೊತೆಯೇ ವಾಪಸಾಗುತ್ತಾನೆ. ಇದರಲ್ಲಿ ಅನುಕೂಲವಿಲ್ಲದೆ ಇಲ್ಲ. ದೀಪದ ಚಾಳಿ ಬಲ್ಲವನೇ ಅದನ್ನು ನೋಡಿಕೊಂಡರೆ ದೀಪ ಹೆಚ್ಚು ದಿನ ಬಾಳುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಅವನದು ಬರೀ ಹೊರೆ ಹೊರುವ ಕೆಲಸ ಎನ್ನುವ ತಪ್ಪು ಕಲ್ಪನೆ ಬೆಳೆದದ್ದು ಈ ಏರ್ಪಾಟಿನಿಂದಲೇ. ಅವನಿಗೇನಾದರೂ ಆದರೆ ಯಾರು ಹೊಣೆ ಎಂಬ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲು ಕೆಲಸವನ್ನೇ ನೋಡೋಣ. ಕ್ಯಾಮೆರಾಮನ್ ಮಾನಿಟರ್ ಮುಂದೆ ಕೂತು ‘ಸ್ವಲ್ಪ ಸ್ಪಾಟ್ ಮಾಡು’, ‘ಫ್ಲಡ್ ಮಾಡು’, ‘ಕಿವಿ ಮೇಲಿಂದ ಕಟ್ ಮಾಡು’ ಎಂದು ಕೂಗುತ್ತಾನೆ. ದೀಪದ ಮುಂದಿರುವ ಫ್ರೆನೆಲ್ ಗಾಜಿನಿಂದ ಬಲ್ಬನ್ನು ಹಿಂದಕ್ಕೆ ಸರಿಸಿದರೆ ಬೆಳಕು ಕಿರಿದಾಗಿ ಚುರುಕಾಗುತ್ತದೆ, ಅದು ಸ್ಪಾಟ್. ಗಾಜಿನ ಹತ್ತಿರ ತಂದರೆ ಹರಡುತ್ತದೆ, ಅದು ಫ್ಲಡ್. ಕಟ್ಟರ್ ಎಂದರೆ ಕಪ್ಪು ಬಟ್ಟೆ ಬಿಗಿದ ಚೌಕಟ್ಟು. ಬೇಡದ ಕಡೆ ಬೀಳುವ ಬೆಳಕನ್ನು ಅದು ಕತ್ತರಿಸುತ್ತದೆ. ಅದನ್ನು ದೀಪದ ಹತ್ತಿರ ಹಿಡಿದರೆ ನೆರಳಿನ ಅಂಚು ಮೆತ್ತಗೆ ಬರುತ್ತದೆ, ಮುಖದ ಹತ್ತಿರ ಹಿಡಿದರೆ ಗೆರೆ ಎಳೆದಂತೆ ಬರುತ್ತದೆ. ಎಷ್ಟು ಹತ್ತಿರ ಎಂದು ಕ್ಯಾಮೆರಾಮನ್ ಹೇಳುವುದಿಲ್ಲ. ಅನುಭವಿ ಲೈಟ್‌ಮನ್ ಆ ದೂರವನ್ನು ಕಣ್ಣಳತೆಯಲ್ಲೇ ಹಿಡಿಯುತ್ತಾನೆ.

ದೂರದ ಲೆಕ್ಕ ಇನ್ನೊಂದಿದೆ. ಮುಖದಿಂದ ಐದು ಅಡಿ ದೂರದಲ್ಲಿದ್ದ ದೀಪವನ್ನು ಹತ್ತು ಅಡಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಶಾಲೆಯ ಭೌತಶಾಸ್ತ್ರದ ವಿಲೋಮ ವರ್ಗ ನಿಯಮ ಇದೇ. ಎಸ್‌ಎಸ್‌ಎಲ್‌ಸಿ ಮೆಟ್ಟಿಲು ಹತ್ತದವನೂ ಸೆಟ್‌ನಲ್ಲಿ ದಿನಕ್ಕೆ ನೂರು ಸಲ ಈ ನಿಯಮವನ್ನು ಬಳಸುತ್ತಿರುತ್ತಾನೆ.

ವಿದ್ಯುತ್ತಿನ ಲೆಕ್ಕ ಇದಕ್ಕಿಂತ ಕಟುವಾದದ್ದು. ಸೆಟ್‌ನವರು ‘ಟೆನ್ ಕೆ’ ಎನ್ನುವ ಹಳೆಯ ಟಂಗ್‌ಸ್ಟನ್ ದೀಪಕ್ಕೆ 10,000 ವಾಟ್ ಬೇಕು. 230 ವೋಲ್ಟಿನಲ್ಲಿ ಅದು ಸುಮಾರು 43 ಆಂಪಿಯರ್ ಎಳೆಯುತ್ತದೆ. ನಮ್ಮ ಮನೆಯ ಗೀಸರ್‌ಗೆ ಹಾಕುವ ದಪ್ಪ ಪ್ಲಗ್ಗಿನ ತಾಕತ್ತೇ 16 ಆಂಪಿಯರ್. ಇಂಥ ನಾಲ್ಕು ದೀಪ ಉರಿಸಬೇಕಾದರೆ ಜನರೇಟರಿನ ಮೂರು ಫೇಸ್‌ಗಳಿಗೂ ಹೊರೆಯನ್ನು ಹದವಾಗಿ ಹಂಚಬೇಕು. ಒಂದೇ ಫೇಸ್‌ಗೆ ಹೇರಿದರೆ ನ್ಯೂಟ್ರಲ್ ತಂತಿ ಕಾಯುತ್ತದೆ, ವೋಲ್ಟೇಜ್ ಏರುಪೇರಾಗುತ್ತದೆ. ಹೆಚ್ಚಾದ ಕೇಬಲ್ಲನ್ನು ಸುರುಳಿಯಲ್ಲೇ ಬಿಟ್ಟು ಕರೆಂಟ್ ಹರಿಸುವಂತಿಲ್ಲ. ಒಳಗಿನ ಕಾವು ಹೊರಬರಲಾಗದೆ ರಬ್ಬರ್ ಕರಗುತ್ತದೆ. ಆದ್ದರಿಂದಲೇ ಒಳ್ಳೆಯ ಲೈಟ್‌ಮನ್ ಉಳಿದ ಕೇಬಲ್ಲನ್ನು ನೆಲದ ಮೇಲೆ ಹಾವಿನಂತೆ ಹಾಸಿಬಿಡುತ್ತಾನೆ. ನೋಡುವವರಿಗೆ ಅದು ಅಡ್ಡಾದಿಡ್ಡಿ ಬಿದ್ದಂತೆ ಕಂಡೀತು.

ಎಚ್‌ಎಂಐ ದೀಪದ ಅಪಾಯ ಬೇರೆ. ಅದನ್ನು ಹೊತ್ತಿಸಲು ಸಾವಿರಾರು ವೋಲ್ಟಿನ ಒಂದು ಹೊಡೆತ ಬೇಕು. ಮುಂದಿನ ಗಾಜು ಬಿರುಕು ಬಿಟ್ಟರೆ ಒಳಗಿನ ನೇರಳಾತೀತ ಕಿರಣ ಹೊರಬಂದು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಕಾದ ಗಾಜಿನ ಮೇಲೆ ಮಳೆ ಹನಿ ಬಿದ್ದರೆ ಸಾಕು, ಸಿಡಿಯಬಹುದು. ಸಕಲೇಶಪುರದಲ್ಲೋ ಆಗುಂಬೆಯಲ್ಲೋ ಶೂಟಿಂಗ್ ಇಟ್ಟುಕೊಂಡ ನಿರ್ದೇಶಕನಿಗೆ ಮೋಡ ಕಂಡರೆ ಕವಿತೆ ಹುಟ್ಟಬಹುದು. ಲೈಟ್‌ಮನ್ ಆ ಹೊತ್ತಿಗೆ ಪ್ಲಾಸ್ಟಿಕ್ ಹಾಳೆ ಹುಡುಕುತ್ತಿರುತ್ತಾನೆ.

ಹಗಲಿನಲ್ಲಿ ಸೂರ್ಯನೇ ಇರುವಾಗ ಲೈಟ್ ಏಕೆ ಎಂದು ಹಲವರು ಕೇಳುತ್ತಾರೆ. ಸೂರ್ಯ ನಿಲ್ಲುವುದಿಲ್ಲವಲ್ಲ, ಅದಕ್ಕೆ. ಪರದೆಯ ಮೇಲೆ ಎರಡು ನಿಮಿಷದ ಮಾತುಕತೆಯನ್ನು ಚಿತ್ರೀಕರಿಸಲು ನಾಲ್ಕು ಗಂಟೆ ಹಿಡಿಯಬಹುದು. ಆ ನಾಲ್ಕು ಗಂಟೆಯಲ್ಲಿ ಸೂರ್ಯ ಆಕಾಶದಲ್ಲಿ 60 ಡಿಗ್ರಿ ಸರಿದಿರುತ್ತಾನೆ. ನಾಯಕನ ಮುಖದ ಮೇಲೆ ಹತ್ತು ಗಂಟೆಯ ಬಿಸಿಲು, ಉತ್ತರ ಕೊಡುವ ನಾಯಕಿಯ ಮುಖದ ಮೇಲೆ ಎರಡು ಗಂಟೆಯ ಬಿಸಿಲು ಬಿದ್ದರೆ ಪ್ರೇಕ್ಷಕನಿಗೆ ಏನೋ ಕಸಿವಿಸಿ. ಅದಕ್ಕೇ ತಲೆಯ ಮೇಲೆ ದೊಡ್ಡ ಬಟ್ಟೆಯ ಸ್ಕಿಮ್ಮರ್ ಹಿಡಿದು ಬಿಸಿಲನ್ನು ಮೆದುಗೊಳಿಸುತ್ತಾರೆ. ಆಮೇಲೆ ದೀಪದಿಂದಲೋ ಥರ್ಮಾಕೋಲಿನಿಂದಲೋ ತಮ್ಮದೇ ಬಿಸಿಲನ್ನು ಕಟ್ಟುತ್ತಾರೆ. 20 ಅಡಿ ಉದ್ದ, 20 ಅಡಿ ಅಗಲದ ಅಂಥ ಬಟ್ಟೆಗೆ ಗಂಟೆಗೆ 40 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಅದರ ತಳ್ಳುವ ಬಲ ಕಾಲು ಟನ್ ತೂಕವನ್ನು ಮೀರುತ್ತದೆ. ನಾಲ್ಕು ಮೂಲೆಯಲ್ಲಿ ಹಗ್ಗ ಹಿಡಿದು ನಿಂತವರು ಬರೀ ನಿಂತಿರುವುದಿಲ್ಲ. ಮರಳು ಚೀಲ ಎಷ್ಟಿರಬೇಕು, ಯಾವ ಗಾಳಿಗೆ ಬಟ್ಟೆ ಇಳಿಸಬೇಕು ಎಂಬ ತೀರ್ಮಾನ ಅವರದ್ದು. ಆ ತೀರ್ಮಾನ ಮಾಡುವ ಅಧಿಕಾರ ಅವರಿಗಿದೆಯೇ ಎಂಬುದು ಬೇರೆ ಮಾತು.

ಮೈಸೂರಿನವರಾದ ವಿ.ಕೆ. ಮೂರ್ತಿ ಅವರನ್ನು ಇಲ್ಲಿ ನೆನೆಯಬೇಕು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೊದೊಳಕ್ಕೆ ಕೋಲಿನಂತೆ ಇಳಿಯುವ ಬೆಳಕನ್ನು ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ತಿರುಗಿಸಿ ತಂದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಆ ದೃಶ್ಯದ ಸೊಬಗನ್ನು ವರ್ಣಿಸುವವರು ಬಹಳ. ನನ್ನ ತಲೆ ಮಾತ್ರ ಲೆಕ್ಕದ ಕಡೆ ಹೋಗುತ್ತದೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಹಾಗೇ ಬಿಟ್ಟರೆ ಮೂವತ್ತು ಅಡಿ ದೂರದಲ್ಲಿ ಬೀಳುವ ಬೆಳಕು ಅಷ್ಟರಲ್ಲೇ ಅರ್ಧ ಅಡಿ ಜರುಗಿರುತ್ತದೆ. ಯಾರೋ ಒಬ್ಬರು ಬಿಸಿಲಲ್ಲಿ ನಿಂತು ಟೇಕ್‌ನಿಂದ ಟೇಕ್‌ಗೆ ಆ ಕನ್ನಡಿಯನ್ನು ತಿದ್ದುತ್ತಲೇ ಇದ್ದಿರಬೇಕು.

ಗ್ರಿಪ್ ಕೆಲಸ ಇದರ ಪಕ್ಕದ ಮನೆ. ಅಮೆರಿಕದಲ್ಲಿ ದೀಪ ಎಲೆಕ್ಟ್ರಿಷಿಯನ್ನನದು, ದೀಪದ ಮುಂದೆ ನಿಲ್ಲುವ ಕಟ್ಟರ್ ಗ್ರಿಪ್‌ನದು. ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ನಮ್ಮದು ಬ್ರಿಟಿಷ್ ಪದ್ಧತಿಗೆ ಹತ್ತಿರ. ದೀಪ, ಕಟ್ಟರ್ ಎರಡನ್ನೂ ಲೈಟ್‌ನವರೇ ನೋಡುತ್ತಾರೆ. ಟ್ರ್ಯಾಕ್, ಟ್ರಾಲಿ, ಕ್ರೇನ್, ಜಿಮ್ಮಿ ಜಿಬ್ ಗ್ರಿಪ್‌ನವರ ಕೈಯಲ್ಲಿರುತ್ತವೆ. ಗದ್ದೆಯ ಬದುವಿನ ಮೇಲೆ ಟ್ರ್ಯಾಕ್ ಹಾಕುವವನು ಮರದ ಬೆಣೆ ಬಡಿದು, ರಸಮಟ್ಟ ಇಟ್ಟು ನೋಡಿ, ಕ್ಯಾಮೆರಾ ನಡುಗದಂತೆ ನೆಲವನ್ನು ಸಜ್ಜು ಮಾಡಬೇಕು. ಟ್ರಾಲಿ ತಳ್ಳುವವನು ನಟನ ನಡಿಗೆಯನ್ನು ಮೊದಲೇ ಊಹಿಸಿ ಹೊರಡಬೇಕು, ಗುರುತು ಮಾಡಿದ ಜಾಗದಲ್ಲೇ ನಿಲ್ಲಬೇಕು. ಎರಡು ಇಂಚು ತಪ್ಪಿದರೂ ಫೋಕಸ್ ಹೋಯಿತು. ಕ್ರೇನ್ ಮೇಲೆ ಕೂತ ಕ್ಯಾಮೆರಾಮನ್ ಶಾಟ್ ಚೆನ್ನಾಗಿ ಬಂತೆಂಬ ಖುಷಿಯಲ್ಲಿ ಥಟ್ಟನೆ ಇಳಿದುಬಿಡುವಂತಿಲ್ಲ. ಹಿಂದಿನ ತೂಕದ ಬಿಲ್ಲೆಗಳನ್ನು ತೆಗೆಯುವ ಮೊದಲು ಅವನು ಇಳಿದರೆ ಆ ಉಕ್ಕಿನ ತೋಳು ಮೇಲಕ್ಕೆ ಚಿಮ್ಮುತ್ತದೆ. ಗ್ರಿಪ್ ‘ಇಳೀರಿ ಸರ್’ ಅನ್ನುವವರೆಗೆ ಎಂಥ ದೊಡ್ಡವರೂ ಕೂತೇ ಇರಬೇಕು. ಸೆಟ್‌ನಲ್ಲಿ ಅವನ ಮಾತು ಎಲ್ಲರ ಮಾತಿಗಿಂತ ಮೇಲಾಗುವ ಕ್ಷಣ ಬಹುಶಃ ಅದೊಂದೇ.

ಇನ್ನು ಹೊತ್ತು. ಕಾಲ್‌ಶೀಟ್ ಬೆಳಗಿನ ಆರಕ್ಕೆ ಎಂದಿದ್ದರೆ ಆರಕ್ಕೆ ಕ್ಯಾಮೆರಾ ಓಡಬೇಕು. ಅಂದರೆ ಯೂನಿಟ್ ಲಾರಿ ಅದಕ್ಕೂ ಬಹಳ ಮೊದಲೇ ಹೊರಟಿರಬೇಕು. ಪ್ಯಾಕ್ ಅಪ್ ಎಂದು ಕೂಗಿದ ಕೂಡಲೇ ನಟರ ಕಾರು ಹೊರಡುತ್ತದೆ. ಲೈಟ್‌ಮನ್‌ಗೆ ಆಗ ಕೆಲಸದ ಕೊನೆಯ ಅಧ್ಯಾಯ ಶುರು. ದೀಪ ಆರಬೇಕು, ಕೇಬಲ್ ಸುತ್ತಬೇಕು, ಮೇಲೆ ಕಟ್ಟಿದ್ದನ್ನು ಇಳಿಸಬೇಕು, ಲಾರಿಗೆ ತುಂಬಬೇಕು. ರಾತ್ರಿಗೂ ಮುಂದುವರಿದರೆ ಹೆಚ್ಚಿನ ಕಾಲ್‌ಶೀಟಿನ ಕೂಲಿ, ಬಾಟಾ ಸಿಗುತ್ತದೆ. ಆ ಹಣ ಬೇಕಾಗಿರುವುದರಿಂದಲೇ ಯಾರೂ ಸಾಕು ಎನ್ನುವುದಿಲ್ಲ. ದಣಿದ ಕೈ, ಎತ್ತರ, ಕರೆಂಟು ಮೂರೂ ಒಟ್ಟಿಗೆ ಬರುವ ಹೊತ್ತು ಅದು. 1997ರಲ್ಲಿ ಅಮೆರಿಕದಲ್ಲಿ 19 ಗಂಟೆ ದುಡಿದು ಕಾರು ನಡೆಸಿಕೊಂಡು ಹೊರಟ ಸಹಾಯಕ ಕ್ಯಾಮೆರಾಮನ್ ಒಬ್ಬರು ನಿದ್ದೆಗೆ ಜಾರಿ ಪ್ರಾಣ ಕಳೆದುಕೊಂಡರು. ಹೆಸರಾಂತ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಆ ಸಾವನ್ನು ಹಿಡಿದು ದುಡಿಮೆಯ ಹೊತ್ತಿನ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದರು. ನಮ್ಮಲ್ಲಿ ಇಂಥ ಸಾವು ಆದರೆ ಅದು ರಸ್ತೆ ಅಪಘಾತದ ಸುದ್ದಿಯಾಗಿ ಮುಗಿದುಹೋಗುತ್ತದೆ.

ನಮ್ಮ ನೆಲದ ದುರಂತಗಳೂ ಕಡಿಮೆಯಿಲ್ಲ. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿಪ್ಪು ಸುಲ್ತಾನ್ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಮಂದಿ ಸತ್ತರು. ಸಡಿಲ ವೈರಿಂಗ್, ಗಾಳಿಯಾಡದ ಫ್ಲೋರ್, ಗೋಡೆಗೆ ಹೊದಿಸಿದ್ದ ಗೋಣಿ, ದೊಡ್ಡ ದೀಪಗಳ ಕಾವು ಇವು ಕೇಳಿಬಂದ ಕಾರಣಗಳು. 2020ರ ಫೆಬ್ರವರಿಯಲ್ಲಿ ಚೆನ್ನೈ ಬಳಿ ದೀಪ ಹೊತ್ತ ಕ್ರೇನ್ ಉರುಳಿ ಮೂವರು ಸತ್ತರು. 2021ರ ಆಗಸ್ಟ್‌ನಲ್ಲಿ ರಾಮನಗರದ ಕಡೆ ಕ್ರೇನ್ ಬಳಸಿ ಸಾಹಸ ದೃಶ್ಯ ತೆಗೆಯುವಾಗ ಹೈಟೆನ್ಷನ್ ತಂತಿಯ ಕರೆಂಟ್ ಹೊಡೆದು ಸಾಹಸ ಕಲಾವಿದರೊಬ್ಬರು ತೀರಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವಲಯದ ಸೆಟ್‌ನಲ್ಲಿ ಯುವ ಲೈಟ್‌ಮನ್ ಒಬ್ಬರು ಏಣಿಯಿಂದ ಬಿದ್ದು ಸತ್ತರು. ಪ್ರತಿ ಸಲವೂ ಪೊಲೀಸ್ ಪ್ರಕರಣ, ನಾಲ್ಕು ದಿನದ ಸುದ್ದಿ. ಆಮೇಲೆ ‘ಅವರು ನಮ್ಮವರಲ್ಲ’ ಎನ್ನುವುದಕ್ಕೆ ಎಲ್ಲರಿಗೂ ದಾರಿಯಿದೆ. ಆಳನ್ನು ಕಳಿಸಿದವರು ಯೂನಿಟ್‌ನವರು ಎಂದು ನಿರ್ಮಾಪಕ ಹೇಳಬಹುದು. ಕೆಲಸ ಮಾಡಿಸಿದವರು ನಿರ್ಮಾಪಕರು ಎಂದು ಯೂನಿಟ್‌ನವರು ಹೇಳಬಹುದು.

ಈ ಬಿರುಕನ್ನು ಕಾನೂನು ಬಹಳ ಹಿಂದೆಯೇ ಗುರುತಿಸಿದೆ, ಜನರಿಗೆ ಗೊತ್ತಿಲ್ಲ ಅಷ್ಟೆ. 1981ರ ಕೇಂದ್ರ ಸಿನಿ ಕಾರ್ಮಿಕರ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿಲ್ಲದೆ ಕಾರ್ಮಿಕನನ್ನು ಕಥಾಚಿತ್ರದ ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. ಅವನು ಗುತ್ತಿಗೆದಾರನ ಮೂಲಕ ಬಂದಿದ್ದರೆ ಒಪ್ಪಂದಕ್ಕೆ ನಿರ್ಮಾಪಕ, ಗುತ್ತಿಗೆದಾರ ಇಬ್ಬರೂ ಸೇರಬೇಕಿತ್ತು. ಯೂನಿಟ್ ಪದ್ಧತಿಯನ್ನು ಕಣ್ಣೆದುರು ಇಟ್ಟುಕೊಂಡೇ ಬರೆದಂತಿದೆ ಆ ಸಾಲು. ಕೌಶಲದ ಕೆಲಸ, ಕೈಕೆಲಸ, ತಾಂತ್ರಿಕ ಕೆಲಸ ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತಿದ್ದವು. ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಕುರಿತ ಸಂಹಿತೆಯೊಳಗೆ ಸೇರಿಹೋಗಿದೆ, ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ಲಿಖಿತ ಒಪ್ಪಂದದ ಷರತ್ತು ಅಲ್ಲಿಯೂ ಉಳಿದಿದೆ, ಧಾರಾವಾಹಿ, ಜಾಹೀರಾತುಗಳಿಗೂ ಹಬ್ಬಿದೆ. ರಾಜ್ಯದ ವಿಧಾನಮಂಡಲ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಮಸೂದೆಯನ್ನು ಒಪ್ಪಿತು. ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ನಿಧಿ ಕಟ್ಟುವುದು ಅದರ ಉದ್ದೇಶ. ಒಳ್ಳೆಯದೇ. ಆದರೆ ನಿಧಿಯ ಹಣ ಪಡೆಯಲು ತಾನು ಸಿನಿಮಾ ಕಾರ್ಮಿಕ ಎಂದು ತೋರಿಸಬೇಕು. ಬಾಯಿಮಾತಿನಲ್ಲಿ ಬಂದು ಬಾಯಿಮಾತಿನಲ್ಲಿ ಹೋಗುವವನ ಹತ್ತಿರ ಕಾಗದ ಎಲ್ಲಿಂದ ಬರಬೇಕು?

ಈ ನಡುವೆ ಎಲ್‌ಇಡಿ ಬಂದಿದೆ. ಹಿಂದೆ ಎರಡು ಸಾವಿರ ವಾಟ್ ಬೇಡುತ್ತಿದ್ದ ಮೆದು ಬೆಳಕನ್ನು ಇಂದಿನ ಪ್ಯಾನೆಲ್ ಐನೂರು ವಾಟ್‌ಗಿಂತ ಕಡಿಮೆಯಲ್ಲಿ ಕೊಡುತ್ತದೆ. ಡಿಜಿಟಲ್ ಕ್ಯಾಮೆರಾಗಳಿಗೆ ಬೇಕಾದ ಬೆಳಕೂ ಕಡಿಮೆ. ಕಾವು ಇಳಿದಿದೆ, ಕೇಬಲ್ ತೆಳುವಾಗಿದೆ, ಬೆಳಕಿನ ಬಣ್ಣವನ್ನು ಮೊಬೈಲಿನಿಂದಲೇ ಬದಲಿಸಬಹುದು. ಬೆನ್ನುನೋವಿನ ಮಟ್ಟಿಗೆ ಇದು ದೊಡ್ಡ ಉಪಕಾರ. ಆದರೆ ದೀಪ ಹಗುರವಾಯಿತೆಂದು ಆರು ಜನರ ಕಡೆ ಮೂವರನ್ನು ಕಳಿಸಿದರೆ, ಉಳಿದ ಸಮಯಕ್ಕೆ ಇನ್ನೂ ಹತ್ತು ಶಾಟ್ ಸೇರಿಸಿದರೆ, ಉಳಿತಾಯ ಯಾರದಾಯಿತು? ಏಣಿಯ ಕೆಳಗೆ ಅದನ್ನು ಹಿಡಿದುಕೊಳ್ಳಲು ಒಬ್ಬ ಬೇಕೇ ಬೇಕು. ಎಲ್‌ಇಡಿ ಏಣಿಯನ್ನು ಗಿಡ್ಡ ಮಾಡುವುದಿಲ್ಲ.

ದಿನದ ಕಾಲ್‌ಶೀಟಿನಲ್ಲಿ ಯಾವ ನಟ ಎಷ್ಟು ಗಂಟೆಗೆ ಬರಬೇಕೆಂದು ಬರೆದಿರುತ್ತದೆ. ಅದೇ ಹಾಳೆಯಲ್ಲಿ ಅಂದಿನ ಲೈಟ್, ಗ್ರಿಪ್ ಆಳುಗಳ ಹೆಸರು, ಹಿಂದಿನ ರಾತ್ರಿ ಅವರನ್ನು ಬಿಟ್ಟ ಗಂಟೆ, ಕರೆಂಟಿನ ಹೊಣೆ ಹೊತ್ತವರ ಹೆಸರು ಇರಲಿ. ಗಾಳಿಗೋ ಮಳೆಗೋ ಕೆಲಸ ನಿಲ್ಲಿಸಿ ಎಂದು ಹೇಳುವ ಹಕ್ಕು ಆ ವ್ಯಕ್ತಿಗಿದೆ ಎಂದೂ ಬರೆಯಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಪುಟ ಹೆಚ್ಚಾದರೆ ಸಾಕು. ಮುಂದಿನ ಸಲ ನಿರ್ಮಾಪಕರೂ ಕಾರ್ಮಿಕ ಒಕ್ಕೂಟದವರೂ ಕೂಲಿಯ ಮಾತುಕತೆಗೆ ಕೂತಾಗ ಈ ಪುಟದಿಂದ ಶುರು ಮಾಡಬಹುದು. ದಿನಗೂಲಿ ಎಷ್ಟು ಏರಬೇಕೆಂಬ ಚೌಕಾಸಿ ಆಮೇಲೆ ಹೇಗೂ ಇದ್ದೇ ಇರುತ್ತದೆ.